ಇಳಿಜಾರಿನ ಲೆಕ್ಕ: ಘಟ್ಟದ ಬೈಕು, ಹಿನ್ನೀರಿನ ತೆಪ್ಪ, ಮಳೆ ಅಳೆಯೋ ಬಾಟಲಿ

ಸೆಮಿಸ್ಟರ್ ಪರೀಕ್ಷೆ ಮುಗಿಯೋ ಹೊತ್ತಿಗೆ ಕ್ಲಾಸಿನಲ್ಲಿ ನಮ್ಮ ಮೂವರ ಬೆಲೆ ಇದ್ದಕ್ಕಿದ್ದಂತೆ ಏರುತ್ತದೆ. ಒಬ್ಬ ತೀರ್ಥಹಳ್ಳಿ ಕಡೆಯವನು, ಒಬ್ಬಳು ಸಾಗರದವಳು, ಇನ್ನೊಬ್ಬ ಕೊಪ್ಪದವನು. ವರ್ಷವಿಡೀ "ನಿಮ್ಮೂರಲ್ಲಿ ನೆಟ್‌ವರ್ಕ್ ಸಿಗುತ್ತಾ?" ಅಂತ ಕಿಚಾಯಿಸುವವರೆಲ್ಲ ಆಗ ಬಂದು ಹೆಗಲ ಮೇಲೆ ಕೈ ಹಾಕುತ್ತಾರೆ. "ಮಗಾ, ರಜೆಗೆ ನಿಮ್ಮ ಮನೆಗೇ ಬರ್ತೀವಿ. ಬೈಕಲ್ಲೇ ಬರ್ತೀವಿ. ಅಲ್ಲೆಲ್ಲೋ ಕಯಾಕ್ ಬಿಡಬಹುದಂತಲ್ಲ?"

ಬನ್ನಿ. ನಿಜಕ್ಕೂ ಬನ್ನಿ. ಆದರೆ ಕಳೆದ ವರ್ಷ ಹೀಗೆ ಬಂದ ಗೆಳೆಯನೊಬ್ಬ ಆಗುಂಬೆ ಘಾಟಿಯ ಅರ್ಧದಲ್ಲಿ ಸ್ಕೂಟರನ್ನು ಚರಂಡಿಗೆ ಇಳಿಸಿಯೇ ನಿಲ್ಲಿಸಬೇಕಾಯಿತು. ಬ್ರೇಕ್ ಲಿವರ್ ಹ್ಯಾಂಡಲ್ಲಿಗೆ ಮುಟ್ಟುವಷ್ಟು ಒತ್ತಿದರೂ ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತಂತೆ. ಅವನ ಪುಣ್ಯ, ಎಡಗಡೆ ಗುಡ್ಡ ಇತ್ತು, ಪ್ರಪಾತ ಬಲಗಡೆಗಿತ್ತು. ಮೊಣಕಾಲು ತರಚಿಕೊಂಡು ನಮ್ಮ ಮನೆ ಜಗಲಿಯಲ್ಲಿ ಕೂತು ಅವನು ಕೇಳಿದ ಪ್ರಶ್ನೆ ಇದು: "ಹದಿನೈದು ದಿನದ ಹಿಂದಷ್ಟೇ ಸರ್ವೀಸ್ ಮಾಡಿಸಿದ್ದೆ ಮಾರಾಯಾ, ಬ್ರೇಕ್ ಹೆಂಗೆ ಹೋಯ್ತು?"

ಬ್ರೇಕ್ ಹೋಗಿರಲಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಸರಿಯಾಗಿಯೇ ಹಿಡಿಯುತ್ತಿತ್ತು. ಏನಾಯಿತು ಅನ್ನೋದನ್ನ ಫಸ್ಟ್ ಸೆಮಿಸ್ಟರಿನ ಫಿಸಿಕ್ಸಿನಲ್ಲೇ ಲೆಕ್ಕ ಹಾಕಬಹುದು.

ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವು, ಸುಮಾರು ಹತ್ತು ಕಿಲೋಮೀಟರ್ ದಾರಿ, ಹೆಚ್ಚುಕಡಿಮೆ 500 ಮೀಟರ್ ಇಳಿತ. ಸ್ಕೂಟರು, ಇಬ್ಬರು ಸವಾರರು, ಬ್ಯಾಗು ಎಲ್ಲ ಸೇರಿ 250 ಕಿಲೋ ಅಂದುಕೊಳ್ಳಿ. ಎಂ ಜಿ ಎಚ್ ಹಾಕಿದರೆ ಸುಮಾರು 12 ಲಕ್ಷ ಜೂಲ್. ಕೇಳೋಕೆ ಏನೂ ಅನ್ನಿಸಲ್ಲ ಅಲ್ವಾ? ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸೋಕೆ ಬೇಕಾದಷ್ಟು ಶಾಖ ಅದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿದರೆ ಇಪ್ಪತ್ತು ನಿಮಿಷ ಆಗುತ್ತದೆ. ಅಂದರೆ ಇಪ್ಪತ್ತು ನಿಮಿಷವೂ ಸತತವಾಗಿ ಒಂದು ಕಿಲೋವಾಟ್. ಅಮ್ಮನ ಇಸ್ತ್ರಿ ಪೆಟ್ಟಿಗೆಯನ್ನು ಆನ್ ಮಾಡಿ ಬ್ರೇಕ್ ಡ್ರಮ್ಮಿನೊಳಗೆ ಇಟ್ಟುಕೊಂಡು ಘಟ್ಟ ಇಳಿದ ಹಾಗೆ. ಗಾಳಿಯ ತಡೆ, ಟೈರಿನ ಉಜ್ಜುವಿಕೆ ಸ್ವಲ್ಪ ಪಾಲು ತಿನ್ನುತ್ತವೆ ನಿಜ, ಆದರೆ ಆ ವೇಗದಲ್ಲಿ ಗಾಳಿಯದ್ದು ದೊಡ್ಡ ಪಾಲಲ್ಲ.

ಡ್ರಮ್ ಕಾದಾಗ ಹಿಗ್ಗುತ್ತದೆ, ಒಳಗಿನ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಅದಕ್ಕೇ ಲಿವರ್ ಹೆಚ್ಚು ಹೆಚ್ಚು ಒಳಗೆ ಬರೋದು. ಜೊತೆಗೆ ಶೂ ಮೇಲಿನ ಲೈನಿಂಗ್ ಮಿತಿಮೀರಿ ಬಿಸಿಯಾದಾಗ ಅದರ ಹಿಡಿತವೇ ಕಡಿಮೆಯಾಗುತ್ತದೆ. ಡಿಸ್ಕ್ ಬ್ರೇಕ್ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ಆರುತ್ತದೆ, ಆದರೆ ಅದಕ್ಕೆ ಬೇರೆ ಕಾಯಿಲೆ. ಅದರೊಳಗಿನ ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹೊಸ ಡಾಟ್ 4 ಆಯಿಲ್ ಕುದಿಯೋದು ಕನಿಷ್ಠ 230 ಡಿಗ್ರಿಯಲ್ಲಿ. ಅದೇ ನೀರು ಹೀರಿದ ಮೇಲೆ ಪಾಲಿಸಬೇಕಾದ ಮಿತಿ 155 ಡಿಗ್ರಿ ಮಾತ್ರ. ಕುದ್ದರೆ ಕೊಳವೆಯಲ್ಲಿ ಗುಳ್ಳೆ. ದ್ರವವನ್ನು ಹಿಂಡೋಕಾಗಲ್ಲ, ಗುಳ್ಳೆಯನ್ನು ಹಿಂಡಬಹುದು. ನೀವು ಲಿವರ್ ಒತ್ತುತ್ತೀರಿ, ಗುಳ್ಳೆ ಮುದುಡುತ್ತದೆ, ಬ್ರೇಕ್ ಹಿಡಿಯಲ್ಲ. ಮಳೆಗಾಲದಲ್ಲಿ ಬೆಲ್ಟು, ಪುಸ್ತಕ, ಚಪ್ಪಲಿ ಎಲ್ಲದಕ್ಕೂ ಬೂಸ್ಟು ಹಿಡಿಯುವ ನಮ್ಮೂರಲ್ಲಿ ಬ್ರೇಕ್ ಆಯಿಲ್ ಏನು ಒಣಗಿಕೊಂಡು ಇರುತ್ತದಾ? ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಕೈಪಿಡಿಯಲ್ಲಿ ಬರೆದಿರುವುದನ್ನು ಘಟ್ಟದವರಾದರೂ ಓದಬೇಕು.

ಹಾಗಾದರೆ ಇಳಿಯೋದು ಹೇಗೆ? ನಮ್ಮ ಕಡೆ ಹಳೇ ಲಾರಿ ಡ್ರೈವರುಗಳು ಹೇಳೋದು ಒಂದೇ ಮಾತು: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಆಕ್ಸಿಲರೇಟರ್ ಬಿಟ್ಟು ಎರಡನೇ ಗೇರಿನಲ್ಲಿ ಇಳಿಯುವಾಗ ಎಂಜಿನ್ನು ಗಾಡಿಯನ್ನು ಎಳೆಯುವ ಬದಲು ಗಾಡಿಯೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಥ್ರಾಟಲ್ ಮುಚ್ಚಿರುವುದರಿಂದ ಪಿಸ್ಟನ್ ಪ್ರತಿ ಸಲವೂ ಇಲ್ಲದ ಗಾಳಿಯನ್ನು ಎಳೆಯೋಕೆ ಒದ್ದಾಡುತ್ತದೆ, ಆ ಒದ್ದಾಟವೇ ನಿಮ್ಮ ಬ್ರೇಕು. ಶಾಖವೆಲ್ಲ ಎಂಜಿನ್ನಿನಿಂದಲೇ ಹೊರಗೆ ಹೋಗುತ್ತದೆ, ಅದನ್ನು ಆರಿಸಿಕೊಳ್ಳೋಕೆ ಎಂಜಿನ್ನಿಗೆ ಹೇಗೂ ರೆಕ್ಕೆಗಳಿವೆ. ತಿರುವಿಗೆ ಮುಂಚೆ ಮಾತ್ರ ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಬಿಟ್ಟುಬಿಡೋದು. ಉದ್ದಕ್ಕೂ ಸವರಿಕೊಂಡೇ ಬಂದರೆ ಇಸ್ತ್ರಿ ಪೆಟ್ಟಿಗೆ ಆರುವುದೇ ಇಲ್ಲ.

ಗೇರಿಲ್ಲದ ಸ್ಕೂಟರಿನಲ್ಲಿ ಈ ಸೌಲಭ್ಯ ಅಷ್ಟಕ್ಕಷ್ಟೇ. ಗಾಡಿ ನಿಧಾನವಾದಂತೆ ಅದರ ಕ್ಲಚ್ಚು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಸ್ಕೂಟರಿನಲ್ಲೇ ಬರುವವರು ಮೇಲಿಂದಲೇ ನಿಧಾನಕ್ಕೆ ಶುರುಮಾಡಿ, ನಡುವೆ ಜಾಗ ಇರುವ ಕಡೆ ಎರಡು ಸಲ ನಿಲ್ಲಿಸಿ, ಬ್ರೇಕ್ ಆರಲು ಬಿಡಿ. ಮಂಗಗಳಿಗೆ ಬಿಸ್ಕತ್ತು ಮಾತ್ರ ಹಾಕಬೇಡಿ.

ಇಲ್ಲಿ ನಮ್ಮ ಮನೆಗಳ ಒಂದು ಜಗಳವನ್ನೂ ಹೇಳಿಬಿಡಬೇಕು. ನಮ್ಮಲ್ಲೊಬ್ಬನ ದೊಡ್ಡಪ್ಪ ಇವತ್ತಿಗೂ ಘಟ್ಟ ಬಂದ ಕೂಡಲೇ ಗಾಡಿಯನ್ನು ನ್ಯೂಟ್ರಲ್ ಮಾಡುತ್ತಾರೆ. ಕೆಲವು ಸಲ ಎಂಜಿನ್ನೇ ಆಫ್. "ಇಳಿಯೋಕೆ ಎಂತಕ್ಕೋ ಪೆಟ್ರೋಲು?" ಇದು ಬರೀ ಜಿಪುಣತನ ಅಂತ ನಾವು ಬಹಳ ದಿನ ನಗುತ್ತಿದ್ದೆವು. ಆಮೇಲೆ ಗೊತ್ತಾಯಿತು, ಅವರು ಗಾಡಿ ಕಲಿತದ್ದು ಯೆಜ್ಡಿಯಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ತಯಾರಿಸಿದ ಗಾಡಿಗಳು ಮಲೆನಾಡಿನ ಎಷ್ಟೋ ತೋಟದ ಮನೆಗಳ ಕೊಟ್ಟಿಗೆಯಲ್ಲಿ ಇನ್ನೂ ಇವೆ. ಅದು ಟೂ ಸ್ಟ್ರೋಕ್ ಎಂಜಿನ್ನು. ಅದರಲ್ಲಿ ಎಂಜಿನ್ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತಿದ್ದರು. ಪೆಟ್ರೋಲು ಒಳಗೆ ಬಂದರೆ ಮಾತ್ರ ಆಯಿಲ್ಲೂ ಬರುತ್ತದೆ. ಉದ್ದ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿಕೊಂಡು ಗೇರಿನಲ್ಲೇ ಇಳಿದರೆ ಎಂಜಿನ್ನು ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪಿಸ್ಟನ್ನಿಗೆ ಆಯಿಲ್ ಸಿಗುತ್ತಿರುವುದಿಲ್ಲ. ಅದು ಎಂಜಿನ್ ಜಾಮ್ ಆಗೋ ದಾರಿ. ಅದಕ್ಕೇ ಆ ಕಾಲದವರು ಕ್ಲಚ್ ಹಿಡಿದು ಇಳಿಯುತ್ತಿದ್ದರು, ಆಗಾಗ ಒಮ್ಮೆ ಆಕ್ಸಿಲರೇಟರ್ ತಿರುವಿ ಎಂಜಿನ್ನಿಗೆ ಒಂದು ಗುಟುಕು ಕುಡಿಸುತ್ತಿದ್ದರು. ಆ ಗಾಡಿಗೆ ಅದು ಸರಿಯಾದ ಬುದ್ಧಿಯೇ.

ತೊಂದರೆ ಏನಂದರೆ ಗಾಡಿ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ಈಗಿನ ಫೋರ್ ಸ್ಟ್ರೋಕಿನಲ್ಲಿ ಆಯಿಲ್ ಪಂಪು ಬೇರೆಯೇ ಇದೆ, ಥ್ರಾಟಲ್ ಮುಚ್ಚಿದರೂ ಆಯಿಲ್ ಸುತ್ತುತ್ತಿರುತ್ತದೆ. ಪೆಟ್ರೋಲ್ ಉಳಿತಾಯದ ವಾದವೂ ಬಿದ್ದುಹೋಗಿದೆ. 2020ರಲ್ಲಿ ಬಿಎಸ್ 6 ಬಂದ ಮೇಲೆ ಹೆಚ್ಚಿನೆಲ್ಲ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂತು. ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಇಂಥ ಬಹುತೇಕ ಗಾಡಿಗಳು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತವೆ. ಎಂಜಿನ್ನನ್ನು ಇಳಿಜಾರೇ ತಿರುಗಿಸುತ್ತಿರುತ್ತದಲ್ಲ. ನ್ಯೂಟ್ರಲ್ ಮಾಡಿದರೆ ಎಂಜಿನ್ನು ಆರದ ಹಾಗೆ ಐಡಲಿಂಗಿಗೆ ಪೆಟ್ರೋಲು ಬೇಕೇ ಬೇಕು. ಅಂದರೆ ದೊಡ್ಡಪ್ಪ ಉಳಿಸುತ್ತಿದ್ದೇನೆ ಅಂದುಕೊಂಡು ಖರ್ಚು ಮಾಡುತ್ತಿದ್ದಾರೆ, ಜೊತೆಗೆ ಬ್ರೇಕನ್ನೂ ಸುಡುತ್ತಿದ್ದಾರೆ. ಇದನ್ನು ಅವರಿಗೆ ಹೇಳಿದಾಗ, "ನೀನು ಹುಟ್ಟೋ ಮೊದಲಿಂದ ಇಳೀತಿದ್ದೀನಿ" ಎಂಬ ಉತ್ತರ ಬಂತು. ಪ್ರಯತ್ನ ಬಿಟ್ಟಿಲ್ಲ.

ಎತ್ತರದ ಇನ್ನೊಂದು ಆಟ ಮುಳ್ಳಯ್ಯನಗಿರಿಯಲ್ಲಿ ಗೊತ್ತಾಗುತ್ತದೆ. ಸುಮಾರು 1,900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಆರನೇ ಒಂದು ಭಾಗದಷ್ಟು ಕಡಿಮೆ. ಕಾರ್ಬುರೇಟರ್ ಗಾಡಿಗೆ ಅದು ತಿಳಿಯದೆ ಪೆಟ್ರೋಲು ಹೆಚ್ಚು ಬಿಡುತ್ತದೆ, ಗಾಡಿ ಕೆಮ್ಮುತ್ತದೆ, ಪ್ಲಗ್ಗು ಕಪ್ಪಾಗುತ್ತದೆ. ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿಕೊಂಡು ಪೆಟ್ರೋಲು ತಗ್ಗಿಸುತ್ತದೆ. ಶಕ್ತಿ ಮಾತ್ರ ಎರಡಕ್ಕೂ ಕಡಿಮೆಯೇ, ಹಾಗಾಗಿ ಅಲ್ಲಿ ನಿಮ್ಮ ಬೈಕನ್ನು ಬೈಯಬೇಡಿ.

ಬೈಕಿನ ಮಾತು ಇಷ್ಟು ಸಾಕು. ಯಾಕೆಂದರೆ ನಮ್ಮ ಸಾಗರದವಳು ಆಗಲೇ ಮುಖ ಊದಿಸಿಕೊಂಡಿದ್ದಾಳೆ: "ನೀವಿಬ್ಬರೂ ಬರೀ ರಸ್ತೆದೇ ಹೇಳಿ. ಹೊಳೆನೂ ಅದೇ ಗುಡ್ಡ ಇಳಿಯೋದಲ್ವಾ?" ಸರಿಯಾದ ಮಾತು. ಅದೇ ಎತ್ತರ, ಅದೇ ಇಳಿಜಾರು, ಅದೇ ಎಂ ಜಿ ಎಚ್. ವ್ಯತ್ಯಾಸ ಇಷ್ಟೇ, ನೀರಿಗೆ ಗೇರೂ ಇಲ್ಲ, ಲಿವರ್ರೂ ಇಲ್ಲ. ಬಂಡೆಗೆ ಬಡಿದು, ಸುಳಿದು, ನೊರೆಯಾಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳಬೇಕು. ಇಲ್ಲವೇ ಯಾರಾದರೂ ಅಣೆಕಟ್ಟು ಕಟ್ಟಿ ನಿಲ್ಲಿಸಬೇಕು.

ಅವಳ ಊರಿನ ನೀರು ನಿಲ್ಲಿಸಿದ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಶರಾವತಿಯ ಕಣಿವೆಯ ಹಳ್ಳಿಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೇ ಮುಳುಗಿಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮತ್ತೆ ಎದ್ದು ಕಾಣುತ್ತದೆ. ಸಿಗಂದೂರು, ತುಮರಿ ಕಡೆಯವರಿಗೆ ದೋಣಿ ಎನ್ನುವುದು ಹವ್ಯಾಸ ಆಗಿರಲಿಲ್ಲ. ಆಸ್ಪತ್ರೆ, ಕಾಲೇಜು, ಅಡಿಕೆ ಮೂಟೆ ಎಲ್ಲಕ್ಕೂ ಲಾಂಚೇ ಗತಿ. ಬಸ್ಸು, ಜೀಪು, ಬೈಕು ಎಲ್ಲವನ್ನೂ ಹೊತ್ತುಕೊಂಡು ಹಿನ್ನೀರು ದಾಟುತ್ತಿದ್ದ ಆ ಲಾಂಚಿನಲ್ಲಿ ನಾವೂ ಬೈಕ್ ನಿಲ್ಲಿಸಿಕೊಂಡು ಹೋಗಿದ್ದೇವೆ. ಸೈಡ್ ಸ್ಟ್ಯಾಂಡ್ ನಂಬದೆ ಕೈಯಲ್ಲಿ ಹಿಡಿದೇ ನಿಂತಿದ್ದೆವು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. 2025ರ ಜುಲೈನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಪ್ರವಾಸಿಗರು "ಅಯ್ಯೋ, ಲಾಂಚಿನ ಮಜಾ ಹೋಯ್ತು" ಅಂದಾಗ ಅವಳಿಗೆ ಸಿಟ್ಟು ಬರುತ್ತದೆ. ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ದಡದಲ್ಲಿ ಕೂರಿಸಿಕೊಂಡು ಕಾಯುವುದು ಯಾರಿಗೂ ಮಜಾ ಆಗಿರಲಿಲ್ಲ.

ಈಗ ಹಿನ್ನೀರಿನಲ್ಲಿ ಮಜಾಕ್ಕೇ ದೋಣಿ ಬಿಡಬೇಕೆಂದರೆ ಹೊನ್ನೆಮರಡು ಇದೆ. ಅಲ್ಲಿ ತೆಪ್ಪವೂ ಉಂಟು, ಕಯಾಕೂ ಉಂಟು. ಮೊದಲ ಸಲ ಬರುವವರು ತೆಪ್ಪದಲ್ಲೇ ಶುರುಮಾಡಿ ಅಂತ ನಾವು ಹೇಳೋದು, ಅದರ ವಿನ್ಯಾಸ ನೋಡೋಕಾದರೂ. ಬಿದಿರಿನ ಬುಟ್ಟಿ, ಚಪ್ಪಟೆ ತಳ, ನೀರು ಒಳಬಾರದ ಹಾಗೆ ಹೊದಿಕೆ. ಎರಡು ಮೀಟರ್ ಅಗಲದ ತೆಪ್ಪದಲ್ಲಿ ನಾಲ್ಕು ಜನ ಕೂತು, ತೆಪ್ಪದ ತೂಕವೂ ಸೇರಿ 300 ಕಿಲೋ ಆಯಿತು ಅನ್ನಿ. ತಳದ ವಿಸ್ತೀರ್ಣ ಮೂರು ಚದರ ಮೀಟರಿಗಿಂತ ತುಸು ಹೆಚ್ಚು. ಅಂದರೆ ಅದು ಮುಳುಗೋದು ಸುಮಾರು ಹತ್ತೇ ಸೆಂಟಿಮೀಟರ್, ಅರ್ಧ ಗೇಣು! ಬಂಡೆಗಳ ಮೇಲೆ ತೆಳ್ಳಗೆ ಹರಿಯೋ ಹೊಳೆಗೆ ಇದಕ್ಕಿಂತ ಒಳ್ಳೇ ದೋಣಿ ಯಾವುದಿದೆ? ಆದರೆ ದುಂಡಗಿರುವುದಕ್ಕೆ ಮುಂದು ಹಿಂದು ಅನ್ನೋದೇ ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯ ಹಾಗೆ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಕೂತು, ಮುಂದಿನ ನೀರನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಕಯಾಕಿನದು ಇದಕ್ಕೆ ತದ್ವಿರುದ್ಧ: ಉದ್ದ, ಕಿರಿದು, ನೇರ ಓಡುತ್ತದೆ, ಸೊಂಟ ಅಲುಗಿಸಿದರೆ ಮಗುಚುತ್ತದೆ.

ನಿಂತ ನೀರು ಎಂದು ಸದರ ಮಾಡುವ ಹಾಗಿಲ್ಲ. ಮುಳುಗಡೆಯಾದ ಕಾಡಿನ ಬೊಡ್ಡೆಗಳು ಇನ್ನೂ ನೀರಿನಡಿ ನಿಂತಿವೆ. ನೀರಿನ ಮಟ್ಟ ಬದಲಾದಂತೆ ನಿನ್ನೆ ಕಂಡ ಬೊಡ್ಡೆ ಇವತ್ತು ಒಂದಡಿ ಕೆಳಗಿರುತ್ತದೆ. ಬಯಲಾದ ನೀರಿನ ಮೇಲೆ ಗಾಳಿ ಎದ್ದರೆ ಅಲೆಯೂ ಏಳುತ್ತದೆ. ಗಾಳಿಗೆ ಓಡಲು ಜಾಗ ಎಷ್ಟು ಉದ್ದವೋ ಅಲೆ ಅಷ್ಟು ದೊಡ್ಡದು. ಲೈಫ್ ಜಾಕೆಟ್ ಹಾಕಿದರೆ ಫೋಟೋ ಚೆನ್ನಾಗಿ ಬರಲ್ಲ ಅನ್ನುವವರಿಗೆ ಒಂದು ಲೆಕ್ಕ: ಮನುಷ್ಯನ ದೇಹ ನೀರಿನಲ್ಲಿ ಹೆಚ್ಚುಕಡಿಮೆ ತೇಲುವಷ್ಟೇ ಭಾರ. ಮೂಗು ಬಾಯಿ ಮೇಲೆ ಇರೋಕೆ ಬೇಕಾದ್ದು ನಾಲ್ಕೈದು ಕಿಲೋ ಎತ್ತುವಷ್ಟು ಬಲ. ಅಷ್ಟನ್ನು ಆ ಜಾಕೆಟ್ಟು ಕೊಡುತ್ತದೆ, ನಿಮಗೆ ಪ್ರಜ್ಞೆ ಇದ್ದರೂ ಇಲ್ಲದಿದ್ದರೂ.

ಹರಿಯೋ ನೀರಿಗೆ ಬಂದರೆ ಎರಡು ಹೊಳೆ ನೋಡಿ. ದಾಂಡೇಲಿ ಹತ್ತಿರ ಗಣೇಶಗುಡಿಯಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್ ನಡೆಯುವುದು ಮೇಲಿನ ಸೂಪಾ ಅಣೆಕಟ್ಟಿನಲ್ಲಿ ಕರೆಂಟು ಉತ್ಪಾದಿಸಿ ಬಿಟ್ಟ ನೀರಿನಲ್ಲಿ. ಅದಕ್ಕೇ ಅಲ್ಲಿ ಬೇಸಿಗೆಯಲ್ಲೂ ಹೊಳೆ ತುಂಬಿರುತ್ತದೆ. ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ಮಳೆಗಾಲದಲ್ಲಿ ಮಾತ್ರ. ಒಂದು ಹೊಳೆ ಜನರು ಫ್ಯಾನ್ ಹಾಕೋದನ್ನ ಕಾಯುತ್ತದೆ, ಇನ್ನೊಂದು ಮೋಡವನ್ನು ಕಾಯುತ್ತದೆ.

ಕರೆಂಟಿನ ಹೊಳೆಯ ಬಗ್ಗೆ ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮರೆಯಬಾರದ ಘಟನೆ ಒಂದಿದೆ. 2014ರ ಜೂನ್ 8ರ ಸಂಜೆ ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ, ಪ್ರವಾಸಕ್ಕೆ ಹೋಗಿದ್ದ ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜೊಂದರ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ನೀರು ಕಡಿಮೆ ಇದ್ದ ಹೊಳೆಯ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಮಳೆ ಇರಲಿಲ್ಲ, ಗುಡುಗು ಇರಲಿಲ್ಲ. ನೀರು ನೂಕುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಮೊಣಕಾಲುದ್ದದ ನೀರು ಸೊಂಟದುದ್ದ ಆಗುವುದರೊಳಗೆ ನಿಲ್ಲುವ ಪ್ರಶ್ನೆಯೇ ಉಳಿಯುವುದಿಲ್ಲ. ಮೇಲೆ ಅಣೆಕಟ್ಟು ಇರುವ ಯಾವ ಹೊಳೆಗೂ ನಾವು ಈಗ ಅಲ್ಲಿನವರನ್ನು ಕೇಳದೆ ಇಳಿಯಲ್ಲ.

ಅದಕ್ಕಿಂತ ಮೋಸದ್ದು ನಮ್ಮೂರಿನ ಸಣ್ಣ ಕಿಂಡಿ ಅಣೆಕಟ್ಟು. ಮೂರಡಿ ಎತ್ತರದಿಂದ ನೀರು ಹಾಳೆಯಂತೆ ಬೀಳುತ್ತಿರುತ್ತದೆ, ನೋಡೋಕೆ ಚಂದ, ಕಯಾಕಿನಲ್ಲಿ ಧುಮುಕೋಣ ಅನ್ನಿಸುತ್ತದೆ. ಬಿದ್ದ ನೀರು ತಳಕ್ಕೆ ಹೋಗಿ ಮುಂದೆ ಏಳುತ್ತದೆ, ಎದ್ದದ್ದರಲ್ಲಿ ಒಂದು ಪಾಲು ಮೇಲ್ಮೈಯಲ್ಲಿ ಹಿಂದಕ್ಕೆ, ಗೋಡೆಯ ಕಡೆಗೇ ಬರುತ್ತದೆ. ಒಳಗೆ ಬಿದ್ದವನನ್ನೂ ಹಾಗೇ ಮುಳುಗಿಸಿ, ಎಬ್ಬಿಸಿ, ಮತ್ತೆ ಗೋಡೆಗೆ ತರುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಅಲ್ಲಿ ತೇಲುವುದೂ ಕಷ್ಟ. ಹೊಳೆಯ ಬಂಡೆಗಳ ನಡುವಿನ ಸುಳಿಗೆ ಪಕ್ಕದಲ್ಲಿ ಎಲ್ಲೋ ಒಂದು ಬಾಗಿಲಿರುತ್ತದೆ. ಈ ದಡದಿಂದ ಆ ದಡಕ್ಕೆ ನೇರ ಕಟ್ಟಿದ ಗೋಡೆಯಲ್ಲಿ ಅದೂ ಇರುವುದಿಲ್ಲ. ನಮ್ಮ ಕೊಪ್ಪದವನು ಹೈಸ್ಕೂಲಿನಲ್ಲಿದ್ದಾಗ ಲಾರಿ ಟ್ಯೂಬಿನ ಮೇಲೆ ಕೂತು ಇಂಥದ್ದೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದ. ಟ್ಯೂಬನ್ನು ಬಿಡಲಿಲ್ಲ, ದಡದಲ್ಲಿದ್ದ ಚಿಕ್ಕಪ್ಪ ಅಡಿಕೆ ದೋಟಿ ಚಾಚಿ ಎಳೆದುಕೊಂಡರು. ಆ ಟ್ಯೂಬು ಈಗಲೂ ಅಟ್ಟದ ಮೇಲಿದೆ, ಅವನ ಅಮ್ಮ ಅದಕ್ಕೆ ಯಾರೂ ಗಾಳಿ ಹಾಕದಂತೆ ವಾಲ್ವು ಕಿತ್ತಿಟ್ಟಿದ್ದಾರೆ.

ಹೀಗೆಲ್ಲ ಹೇಳಿದರೆ ಮಲೆನಾಡಿನವರು ಮಜಾ ಮಾಡೋದು ಯಾವಾಗ ಅಂತ ಕೇಳಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೈಕಿಗೆ ರಸ್ತೆ ಇರಲ್ಲ, ತೆಪ್ಪಕ್ಕೆ ಹೊಳೆ ಸಿಗಲ್ಲ. ಆಗಲೇ ನಮ್ಮ ಹವ್ಯಾಸಗಳೆಲ್ಲ ಶುರು. ಕಾರ್ಬುರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯೋದು, ಗಾಳ ಹಾಕೋದು, ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನಿಗೆ ಕೂಣಿ ಇಡೋದು, ಕಪ್ಪೆಗಳ ಕೂಗು ರೆಕಾರ್ಡ್ ಮಾಡೋದು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಮೀನು ಹಿಡಿಯುತ್ತಾ, ಹಕ್ಕಿಗಳ ಫೋಟೋ ತೆಗೆಯುತ್ತಾ ಬರೆದ ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರಿಗೆ ಇದು ಹೊಸದಲ್ಲ.

ಆದರೆ ನಮ್ಮ ಕಡೆಯ ನಿಜವಾದ ಹವ್ಯಾಸ ಮಳೆ ಅಳೆಯೋದು. ತೋಟದವರು ಇಬ್ಬರು ಸೇರಿದರೆ "ನಿಮ್ಮಲ್ಲಿ ಎಷ್ಟಾಯ್ತು?" ಅನ್ನೋದೇ ಮೊದಲ ಮಾತು. ಉತ್ತರ ಇಂಚು, ಸೆಂಟಿನಲ್ಲಿ; ನೂರು ಸೆಂಟಿಗೆ ಒಂದು ಇಂಚು. ಹೂಮಳೆ ಎಷ್ಟು ಸೆಂಟ್ ಬಂತು ಅನ್ನೋದರ ಮೇಲೆ ಕಾಫಿ ಫಸಲೇ ನಿಂತಿರುತ್ತದೆ. ಮಾಪಕ ಕೊಳ್ಳಲೇಬೇಕೆಂದಿಲ್ಲ. ಮೇಲಿಂದ ಕೆಳಗಿನ ತನಕ ಒಂದೇ ಅಗಲ ಇರುವ ಡಬ್ಬ ಅಥವಾ ಬಾಟಲಿ, ಒಂದು ಸ್ಕೇಲು ಸಾಕು. ಮರ, ಮಾಡಿನ ನೀರು ಬೀಳದ ಅಂಗಳದಲ್ಲಿಟ್ಟು, ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8:30ಕ್ಕೆ ಓದಿ ಬರೆದಿಡಿ.

ಇದು ಬರೀ ಕಾಲಹರಣ ಅಲ್ಲ. ಒಂದು ಚದರ ಕಿಲೋಮೀಟರ್ ಗುಡ್ಡದ ಮೇಲೆ ಒಂದು ಇಂಚು ಮಳೆ ಬಿತ್ತೆಂದರೆ ಎರಡೂವರೆ ಕೋಟಿ ಲೀಟರ್ ನೀರು. ಜೂನ್ ಮೊದಲ ವಾರ ಒಣಗಿದ ನೆಲ ಬಹಳಷ್ಟನ್ನು ಕುಡಿದುಬಿಡುತ್ತದೆ, ಹೊಳೆ ಅಷ್ಟೇನೂ ಏರಲ್ಲ. ಅದೇ ಒಂದು ಇಂಚು ಆಗಸ್ಟಿನಲ್ಲಿ ಬಿದ್ದರೆ ನೆಲಕ್ಕೆ ಹೊಟ್ಟೆ ತುಂಬಿರುತ್ತದೆ, ಸುರಿದದ್ದೆಲ್ಲ ಹೊಳೆಗೇ. ನಮ್ಮ ತೀರ್ಥಹಳ್ಳಿಯವನ ಅಪ್ಪಯ್ಯ ಮಳೆಯ ಪಕ್ಕದ ಕಾಲಮ್ಮಿನಲ್ಲಿ ಹಳ್ಳದ ನೀರು ಸಂಕದ ಎಷ್ಟನೇ ಕಲ್ಲಿಗೆ ಬಂತು ಅನ್ನೋದನ್ನೂ ಬರೆಯುತ್ತಾರೆ. ಎರಡೂ ಕಾಲಮ್ಮನ್ನು ಕಂಪ್ಯೂಟರಿಗೆ ಹಾಕಿ ಗ್ರಾಫ್ ಮಾಡಿ ತೋರಿಸಿದೆವು. ಹಿಂದಿನ ಹತ್ತು ದಿನದ ಮಳೆ ಸೇರಿಸಿ ನೋಡಿದಾಗಲೇ ಚುಕ್ಕಿಗಳು ಒಂದು ಗೆರೆಗೆ ಹತ್ತಿರ ಬಂದವು. ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ನನಗೆ ಮೊದಲೇ ಗೊತ್ತಿತ್ತು, ನಿಮಗೆ ಈಗ ಗೊತ್ತಾಯ್ತು" ಅಂದರು.

ಚರಂಡಿಗೆ ಇಳಿದ ಗೆಳೆಯ ಈ ರಜೆಗೂ ಬರ್ತಾನಂತೆ. ಅಣ್ಣನ ಗೇರ್ ಬೈಕು ತರ್ತಾನಂತೆ, ಬ್ರೇಕ್ ಆಯಿಲ್ ಬದಲಾಯಿಸಿದ ಬಿಲ್ಲನ್ನು ಗ್ರೂಪಿಗೆ ಹಾಕಿದ್ದಾನೆ. ಉಳಿದವರೂ ಬರೋದಿದ್ದರೆ ಒಂದು ವಾರ ಮೊದಲೇ ಹೇಳಿ. ಯಾವ ಹೊಳೆ, ಯಾವ ದಿನ ಅಂತ ಅಪ್ಪಯ್ಯನ ಪುಸ್ತಕ ನೋಡಿ ಹೇಳ್ತೇವೆ. ಕೊಡೆ ತನ್ನಿ, ಮನೆಯಲ್ಲಿರೋವು ಮೂರೇ.